ಬೀಗ ಮುರಿಯದೆ ಬರುವ ಕಳ್ಳ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ, ಮಳಖೇಡವೆಂಬ ಊರುಂಟು. ಒಂಬತ್ತು ಹಾಗೂ ಹತ್ತನೆಯ ಶತಮಾನಗಳಲ್ಲಿ ಇದೇ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟ ಚಕ್ರವರ್ತಿಗಳ ರಾಜಧಾನಿಯಾಗಿದ್ದಿತು. ಆ ಅರಸರು ಭೂದಾನ ಮಾಡಿದಾಗ ದಾನದ ವಿವರವನ್ನು ತಾಮ್ರದ ತಗಡುಗಳ ಮೇಲೆ ಕೊರೆಯಿಸುತ್ತಿದ್ದರು. ಬಳಿಕ ತಗಡುಗಳಲ್ಲಿ ರಂಧ್ರ ಮಾಡಿ, ಅವುಗಳನ್ನು ಒಂದು ಲೋಹದ ಬಳೆಯಲ್ಲಿ ಪೋಣಿಸಿ, ಬಳೆಯ ಎರಡು ತುದಿಗಳು ಕೂಡುವಲ್ಲಿ ಗರುಡಲಾಂಛನದ ರಾಜಮುದ್ರೆಯನ್ನು ಬೆಸೆಯುತ್ತಿದ್ದರು. ಬಳೆಯನ್ನು ಕತ್ತರಿಸದೆ ನಡುವೆ ಹೊಸ ತಗಡನ್ನು ಸೇರಿಸುವುದಾಗಲಿ, ಇದ್ದುದನ್ನು ತೆಗೆಯುವುದಾಗಲಿ ಸಾಧ್ಯವಿರಲಿಲ್ಲ. ಒಂದು ಪತ್ರ ಕೈಗೆ ಬಂದಾಗ ನಾವು ಕೇಳತಕ್ಕ ಪ್ರಶ್ನೆಗಳು ಎರಡು: ಇದನ್ನು ನಿಜವಾಗಿ ಕಳುಹಿಸಿದವರು ಯಾರು? ದಾರಿಯಲ್ಲಿ ಯಾರಾದರೂ ಇದನ್ನು ತಿದ್ದಿರುವರೆ? ಮುದ್ರೆಯು ಮೊದಲನೆಯ ಪ್ರಶ್ನೆಗೂ ಬಳೆಯು ಎರಡನೆಯದಕ್ಕೂ ಉತ್ತರ ಕೊಡುತ್ತಿದ್ದವು.

ಇಷ್ಟು ಏರ್ಪಾಡಿದ್ದರೂ ನಮ್ಮ ನಾಡಿನಲ್ಲಿ ಸುಳ್ಳು ಶಾಸನಗಳು ಹುಟ್ಟದೆ ಇರಲಿಲ್ಲ. ಶಾಸನತಜ್ಞರು ಅವುಗಳನ್ನು ಕೂಟಶಾಸನಗಳೆಂದು ಕರೆಯುತ್ತಾರೆ. ಶಾಸನವು ಹೇಳಿಕೊಳ್ಳುವ ಕಾಲಕ್ಕಿಂತ ಅದರ ಲಿಪಿ ಎಷ್ಟೋ ಈಚಿನದಾಗಿರುತ್ತದೆ. ತಿಥಿಗೂ ವಾರಕ್ಕೂ ಹೊಂದಿಕೆ ಇರುವುದಿಲ್ಲ. ಇಂಥ ಲಕ್ಷಣಗಳಿಂದ ಅವರು ಮೋಸವನ್ನು ಕಂಡುಹಿಡಿಯುತ್ತಾರೆ. ಆದರೆ ಕೂಟಶಾಸನವನ್ನು ಮಾಡಿದವನಿಗೆ ಅರಮನೆಯ ಬೀಗವನ್ನು ಮುರಿಯುವ ಅಗತ್ಯವೇ ಇರಲಿಲ್ಲವೆಂಬುದನ್ನು ಗಮನಿಸಬೇಕು. ನೋಡಿದವನು ಪರೀಕ್ಷಿಸದೆ ನಂಬಿದರೆ ಅವನ ಕೆಲಸ ಆದಂತೆಯೆ.

ಇಂದು ವಿಶ್ವವಿದ್ಯಾಲಯಗಳ ಮತ್ತು ಕಾಲೇಜುಗಳ ಕಚೇರಿಗಳಲ್ಲಿ ತಾಮ್ರದ ತಗಡಿನ ಸ್ಥಾನವನ್ನು ಗಣಕಯಂತ್ರಗಳು ಪಡೆದಿವೆ. ಮುದ್ರೆಯ ಹಿಂದೆ ಈಗ ಅತ್ಯಂತ ಗಹನವಾದ ಗಣಿತವಿದೆ. ಆದರೂ ಕಳ್ಳನ ಮಾರ್ಗ ಬಹುಮಟ್ಟಿಗೆ ಹಳೆಯದೇ. ಅದು ಹೇಗೆಂಬುದನ್ನೂ, ಅದನ್ನು ತಡೆಯುವ ಬಗೆಯನ್ನೂ ಇಲ್ಲಿ ವಿಚಾರಿಸೋಣ.

ಕಚೇರಿಯಲ್ಲಿ ಇರುವುದೇನು?

ರಾವೂರ, ವಾಡಿ, ಶಹಾಬಾದ, ಚಿತ್ತಾಪುರ, ಚಿಂಚೋಳಿ ಮೊದಲಾದ ಊರುಗಳ ವಿದ್ಯಾರ್ಥಿಗಳು ಪದವಿ ವ್ಯಾಸಂಗಕ್ಕೆಂದು ಸಮೀಪದ ಕಾಲೇಜುಗಳನ್ನು ಸೇರುತ್ತಾರೆ. ಈ ಭಾಗದ ಕಾಲೇಜುಗಳಿಗೆ ೧೯೮೦ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯವು ಬಹುಕಾಲದಿಂದ ಆಶ್ರಯವಾಗಿದೆ. ಹಿಂದೆ ಪ್ರವೇಶದ ಅರ್ಜಿ, ಹಾಜರಿ, ಅಂಕಪಟ್ಟಿ ಎಲ್ಲವೂ ಕಾಗದದಲ್ಲಿ ಇರುತ್ತಿದ್ದವು. ಕಬ್ಬಿಣದ ಕಪಾಟಿನ ಕೀಲಿ ಗುಮಾಸ್ತರ ಸೊಂಟದಲ್ಲಿ ಇರುತ್ತಿದ್ದಿತು. ೨೦೨೧ರಿಂದ ರಾಜ್ಯದ ಉನ್ನತ ಶಿಕ್ಷಣ ಇಲಾಖೆಯು ಪ್ರವೇಶದಿಂದ ಫಲಿತಾಂಶದವರೆಗಿನ ಕೆಲಸವನ್ನು ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆ ಎಂಬ ಒಂದೇ ಜಾಲತಾಣಕ್ಕೆ ತಂದಿತು. ವಿದ್ಯಾರ್ಥಿವೇತನಕ್ಕೆ ಬೇರೊಂದು ತಾಣವುಂಟು. ವಿದ್ಯಾರ್ಥಿಯ ಹೆಸರು, ಜನ್ಮದಿನಾಂಕ, ಜಾತಿ ಮತ್ತು ಆದಾಯದ ವಿವರ, ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ, ದೂರವಾಣಿ ಸಂಖ್ಯೆ, ಅಂಕಗಳು—ಇವೆಲ್ಲ ಇಂಥ ವ್ಯವಸ್ಥೆಗಳನ್ನು ಹಾದುಹೋಗುತ್ತವೆ.

ಇದರ ಅರ್ಥವೇನು? ಕಲ್ಲುಗಣಿಯಲ್ಲಿಯೋ ಪಾಲಿಶ್ ಘಟಕದಲ್ಲಿಯೋ ದುಡಿಯುವ ತಂದೆಯ ಮಗಳೊಬ್ಬಳ ವಿದ್ಯಾರ್ಥಿವೇತನ, ಅವಳ ಪರೀಕ್ಷಾ ಫಲಿತಾಂಶ, ನಾಳೆ ಅವಳು ನೌಕರಿಗೆ ಸಲ್ಲಿಸಬೇಕಾದ ದಾಖಲೆ—ಇವು ಕಚೇರಿಯ ಯಾರೋ ಒಬ್ಬರ ಗುಪ್ತಪದದ ಹಿಂದೆ ಇರುತ್ತವೆ. ಅಧ್ಯಾಪಕರಾದ ನಮ್ಮ ಬಳಿಯೂ ಆಂತರಿಕ ಅಂಕಗಳನ್ನು ತುಂಬುವ ಅಧಿಕಾರವಿರುತ್ತದೆ. ಆ ಅಧಿಕಾರ ಪರರ ಪಾಲಾದರೆ ನಷ್ಟ ಉಂಟಾಗುವುದು ನಮಗಿಂತ ಹೆಚ್ಚಾಗಿ ವಿದ್ಯಾರ್ಥಿಗೆ. ಆದ್ದರಿಂದಲೇ ಈ ವಿಷಯವನ್ನು ಅಧ್ಯಾಪಕರೂ ಸಿಬ್ಬಂದಿಯೂ ಅರಿತರೆ ಸಾಲದು, ವಿದ್ಯಾರ್ಥಿಗಳೂ ಅರಿಯಬೇಕು.

“ಇಷ್ಟು ಚಿಕ್ಕ ಊರಿನ ಕಾಲೇಜನ್ನು ಯಾರು ಕೆಣಕುತ್ತಾರೆ?” ಎಂದು ಕೆಲವರು ಕೇಳುವುದುಂಟು. ಹುಳು ತಗಲುವಾಗ ಚಿಕ್ಕ ಹೊಲ ದೊಡ್ಡ ಹೊಲ ಎಂಬ ಭೇದವಿಲ್ಲ. ದುಷ್ಟ ತಂತ್ರಾಂಶಗಳಲ್ಲಿ ಅನೇಕವು ಅಂತರಜಾಲದ ವಿಳಾಸಗಳನ್ನು ಒಂದೊಂದಾಗಿ ತಟ್ಟುತ್ತ ಹೋಗುತ್ತವೆ. ಯಾವ ಬಾಗಿಲು ಸಡಿಲವಾಗಿದೆಯೋ ಅಲ್ಲಿ ಒಳನುಗ್ಗುತ್ತವೆ. ಊರಿನ ಹೆಸರು ಅವಕ್ಕೆ ಬೇಕಿಲ್ಲ.

ಗುಪ್ತಪದದ ಗಣಿತ

ಗಣಕಯಂತ್ರದ ಗುಪ್ತಪದ, ಎಂದರೆ ಪಾಸ್‌ವರ್ಡ್, ಹುಟ್ಟಿದ್ದು ವಿಶ್ವವಿದ್ಯಾಲಯದಲ್ಲಿಯೇ ಎಂಬುದು ಸ್ವಾರಸ್ಯಕರ. ೧೯೬೦ರ ದಶಕದ ಮೊದಲಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಅನೇಕರು ಒಂದೇ ದೊಡ್ಡ ಯಂತ್ರವನ್ನು ಹಂಚಿಕೊಂಡು ಬಳಸುವ ವ್ಯವಸ್ಥೆಯೊಂದು ಸಿದ್ಧವಾಯಿತು. ಅದರ ಮುಖ್ಯಸ್ಥರು ಫರ್ನಾಂಡೊ ಕೊರ್ಬಟೊ ಎಂಬ ವಿಜ್ಞಾನಿ. ಒಬ್ಬರ ಕಡತವನ್ನು ಇನ್ನೊಬ್ಬರು ನೋಡದಂತೆ ಪ್ರತಿಯೊಬ್ಬರಿಗೂ ಒಂದು ಗುಪ್ತಪದವನ್ನು ಕೊಡಲಾಯಿತು. ೧೯೬೨ರಲ್ಲಿ ಆಲನ್ ಶೆರ್ ಎಂಬ ಸಂಶೋಧನ ವಿದ್ಯಾರ್ಥಿಗೆ ಯಂತ್ರದ ಮೇಲೆ ದೊರೆಯುತ್ತಿದ್ದ ಸಮಯ ಸಾಲದಾಯಿತು. ಗುಪ್ತಪದಗಳ ಕಡತವನ್ನೇ ಅಚ್ಚುಮಾಡಿ ಕೊಡಬೇಕೆಂದು ಅವರು ರಂಧ್ರಪತ್ರದ ಮೂಲಕ ಯಂತ್ರವನ್ನು ಕೇಳಿದರು. ಯಂತ್ರವು ಅಚ್ಚುಮಾಡಿ ಕೊಟ್ಟಿತು! ಗುಪ್ತಪದದೊಡನೆಯೇ ಗುಪ್ತಪದದ ಕಳವೂ ಹುಟ್ಟಿತೆಂದು ಹೇಳಿದರೆ ತಪ್ಪಾಗಲಾರದು.

ಈ ಅನುಭವದಿಂದ ಒಂದು ಪಾಠ ದೊರೆಯಿತು: ಗುಪ್ತಪದವನ್ನು ಇದ್ದಂತೆಯೇ ಬರೆದಿಡಬಾರದು. ಈಗಿನ ಒಳ್ಳೆಯ ವ್ಯವಸ್ಥೆಗಳಲ್ಲಿ ಗುಪ್ತಪದವನ್ನು ಒಂದು ಗಣಿತಕ್ರಿಯೆಗೆ ಒಳಪಡಿಸಿ, ಅದರಿಂದ ಬಂದ ಉತ್ತರವನ್ನು ಮಾತ್ರ ಇಡುತ್ತಾರೆ. ಇದನ್ನು ನಮ್ಮ ವಾಡಿಯ ಸಿಮೆಂಟಿನ ಕಾರ್ಖಾನೆಗೆ ಹೋಲಿಸಬಹುದು. ಸುಣ್ಣದ ಕಲ್ಲನ್ನೂ ಜೇಡಿಯನ್ನೂ ಪುಡಿಮಾಡಿ ಸುಮಾರು ೧೪೫೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಸಿಮೆಂಟಿನ ಗಟ್ಟಿ ದೊರೆಯುತ್ತದೆ. ಅದೇ ಕಲ್ಲು, ಅದೇ ಪ್ರಮಾಣ, ಅದೇ ಶಾಖವಾದರೆ ಅದೇ ಫಲ. ಆದರೆ ಗಟ್ಟಿಯಿಂದ ಮರಳಿ ಆ ಕಲ್ಲನ್ನು ಪಡೆಯಲಾಗದು. ಹಾಗೆಯೇ ಈ ಗಣಿತಕ್ರಿಯೆಯಲ್ಲಿ ಮುಂದೆ ಹೋಗುವುದು ಸುಲಭ, ಹಿಂದಕ್ಕೆ ಬರುವುದು ಅಶಕ್ಯ. ನಾವು ಪ್ರತಿಸಾರಿ ಗುಪ್ತಪದವನ್ನು ಕೊಟ್ಟಾಗ ಯಂತ್ರವು ಅದನ್ನು ಮತ್ತೆ ‘ಸುಟ್ಟು’ ನೋಡಿ, ಹಳೆಯ ಫಲದೊಡನೆ ಹೋಲಿಸುತ್ತದೆ.

ಇಂಥ ಫಲಗಳ ಕಡತವನ್ನು ಕದ್ದವನಿಗೆ ಉಳಿಯುವ ದಾರಿ ಒಂದೇ: ಒಂದೊಂದು ಪದವನ್ನು ಊಹಿಸಿ, ಸುಟ್ಟು, ಹೋಲಿಸಿ ನೋಡುವುದು. ಅವನ ಯಂತ್ರ ಸೆಕೆಂಡಿಗೆ ಸಾವಿರ ಕೋಟಿ ಊಹೆಗಳನ್ನು ಪರೀಕ್ಷಿಸುವುದೆಂದು ಇಟ್ಟುಕೊಳ್ಳೋಣ. ಇಂಗ್ಲಿಷಿನ ೨೬ ಸಣ್ಣ ಅಕ್ಷರಗಳಿಂದ ಮಾಡಿದ ೮ ಅಕ್ಷರದ ಪದಗಳ ಒಟ್ಟು ಸಂಖ್ಯೆ ೨೬ರ ೮ನೆಯ ಘಾತ, ಎಂದರೆ ಸುಮಾರು ೨೦,೮೮೩ ಕೋಟಿ. ಇಷ್ಟನ್ನೂ ಮುಗಿಸಲು ಬೇಕಾಗುವ ಕಾಲ ಸುಮಾರು ೨೧ ಸೆಕೆಂಡು! ಅಕ್ಷರಗಳನ್ನು ೧೨ಕ್ಕೆ ಏರಿಸಿದರೆ ಸುಮಾರು ೧೧೦ ದಿನಗಳು ಬೇಕು. ೧೬ಕ್ಕೆ ಏರಿಸಿದರೆ ಸುಮಾರು ೧,೩೮,೦೦೦ ವರ್ಷಗಳು. ನಾಲ್ಕು ಅಕ್ಷರಗಳನ್ನು ಕೂಡಿಸಿದಾಗ ಕೆಲಸ ನಾಲ್ಕು ಪಟ್ಟು ಹೆಚ್ಚುವುದಿಲ್ಲ, ೪,೫೬,೯೭೬ ಪಟ್ಟು ಹೆಚ್ಚುತ್ತದೆ. ಗುಪ್ತಪದದ ಬಲವು ಮುಖ್ಯವಾಗಿ ಅದರ ಉದ್ದದಲ್ಲಿದೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಲೆಕ್ಕದಲ್ಲಿ ಒಂದು ನಿಬಂಧನೆಯುಂಟು: ಅಕ್ಷರಗಳನ್ನು ಚೀಟಿಯೆತ್ತಿದಂತೆ ಆರಿಸಿರಬೇಕು. ಊರಿನ ಹೆಸರಿನ ಮುಂದೆ ಹುಟ್ಟಿದ ವರ್ಷವನ್ನು ಸೇರಿಸಿದರೆ ಏನಾಗುವುದು? ಸಾವಿರ ಊರುಗಳು, ನೂರು ವರ್ಷಗಳು. ಒಟ್ಟು ಊಹೆಗಳು ಒಂದು ಲಕ್ಷ. ಅದೇ ಯಂತ್ರಕ್ಕೆ ಇದು ಒಂದು ಸೆಕೆಂಡಿನ ಲಕ್ಷದಲ್ಲೊಂದು ಭಾಗದ ಕೆಲಸ. ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಚೀಟಿಯೆತ್ತಿ ಆರಿಸಿ ಜೋಡಿಸಿದರೆ ಉದ್ದವೂ ದೊರೆಯುತ್ತದೆ, ನೆನಪಿಗೂ ಸುಲಭ. ತಿಂಗಳು ತಿಂಗಳಿಗೆ ಗುಪ್ತಪದವನ್ನು ಬದಲಾಯಿಸಬೇಕೆಂಬ ಹಳೆಯ ನಿಯಮವನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು ೨೦೧೭ರ ತನ್ನ ಸೂಚನೆಗಳಲ್ಲಿ ಕೈಬಿಟ್ಟಿತು. ಒತ್ತಾಯಕ್ಕೆ ಬದಲಾಯಿಸುವವನು ಕೊನೆಯ ಅಂಕಿಯನ್ನಷ್ಟೆ ೧ರಿಂದ ೨ಕ್ಕೆ ಏರಿಸುತ್ತಾನೆಂಬುದು ಅನುಭವದಿಂದ ತಿಳಿದ ಸಂಗತಿ. ಗುಪ್ತಪದ ಹೊರಬಿದ್ದಿದೆಯೆಂಬ ಸಂಶಯ ಬಂದೊಡನೆ ಮಾತ್ರ ತಡಮಾಡದೆ ಬದಲಾಯಿಸಬೇಕು. ಒಂದೇ ಗುಪ್ತಪದವನ್ನು ಅನೇಕ ತಾಣಗಳಿಗೆ ಬಳಸಬಾರದು. ಒಂದು ಕಡೆ ಕದ್ದದ್ದನ್ನು ಕಳ್ಳನು ಉಳಿದೆಡೆಗಳಲ್ಲಿಯೂ ಪ್ರಯೋಗಿಸಿ ನೋಡುತ್ತಾನೆ.

ಒಂದು ವಿಶ್ವವಿದ್ಯಾಲಯಕ್ಕೆ ಬಂದ ವಿಪತ್ತು

ಬೀಗ ಎಷ್ಟೇ ಗಟ್ಟಿಯಾಗಿದ್ದರೂ ಮನೆಯವರೇ ಬಾಗಿಲನ್ನು ತೆರೆದರೆ ಪ್ರಯೋಜನವೇನು? ನೆದರ್ಲೆಂಡ್ಸ್ ದೇಶದ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದಲ್ಲಿ ೨೦೧೯ರಲ್ಲಿ ಆದದ್ದು ಇದೇ. ಆ ಸಂಸ್ಥೆಯವರು ತಮ್ಮ ಅನುಭವವನ್ನು ಮುಚ್ಚಿಡದೆ ೨೦೨೦ರ ಫೆಬ್ರವರಿಯಲ್ಲಿ ತನಿಖೆಯ ವರದಿಯನ್ನು ಲೋಕದ ಮುಂದಿಟ್ಟರು. ಹಾಗಾಗಿಯೇ ಅದು ನಮಗೆ ತಿಳಿದಿದೆ.

ಅಕ್ಟೋಬರ್ ತಿಂಗಳ ನಡುವೆ ಅಲ್ಲಿಯ ಸಿಬ್ಬಂದಿಗೆ ಕೆಲವು ಇ-ಮೇಲ್ ಪತ್ರಗಳು ಬಂದವು. ಪತ್ರದಲ್ಲಿದ್ದ ಕೊಂಡಿಯನ್ನು ಒತ್ತಿದ್ದರಿಂದ ಕಚೇರಿಯ ಗಣಕದೊಳಗೆ ಕಳ್ಳರಿಗೆ ಕಾಲಿಡಲು ಎಡೆ ದೊರೆಯಿತು. ಅವರು ಆಗಲೇ ಏನನ್ನೂ ಹಾಳುಮಾಡಲಿಲ್ಲ. ವಾರಗಟ್ಟಲೆ ಸದ್ದಿಲ್ಲದೆ ಜಾಲದಲ್ಲಿ ಓಡಾಡಿದರು. ಭದ್ರತೆಯ ತಿದ್ದುಪಡಿಗಳನ್ನು ಹಾಕದೆ ಬಿಟ್ಟಿದ್ದ ಯಂತ್ರದ ಮೂಲಕ ನವೆಂಬರಿನಲ್ಲಿ ಇಡೀ ಜಾಲದ ಯಜಮಾನಿಕೆಯನ್ನು ಪಡೆದರು. ಡಿಸೆಂಬರ್ ೨೩ರಂದು, ಕ್ರಿಸ್ಮಸ್ ರಜೆಯ ಮುಂದೆ, ೨೬೭ ಸರ್ವರ್ ಯಂತ್ರಗಳಲ್ಲಿದ್ದ ಮಾಹಿತಿಯನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬಿಡಿಸುವ ಕೀಲಿಗೆ ಹಣ ಕೇಳಿದರು. ಇಂಥ ತಂತ್ರಾಂಶಕ್ಕೆ ರ‍್ಯಾನ್ಸಮ್‌ವೇರ್ ಎಂದು ಹೆಸರು. ಒತ್ತೆಹಣದ ತಂತ್ರಾಂಶವೆಂದು ಕರೆಯಬಹುದು. ನಕಲು ಪ್ರತಿಗಳೂ ಅದೇ ಜಾಲಕ್ಕೆ ಜೋಡಣೆಯಾಗಿದ್ದುದರಿಂದ ಅವುಗಳಲ್ಲಿಯೂ ಕೆಲವು ಕಳ್ಳರ ವಶವಾದವು. ಪರೀಕ್ಷೆ, ಸಂಬಳ, ಸಂಶೋಧನೆ ಎಲ್ಲಕ್ಕೂ ಧಕ್ಕೆ ಬರುವುದೆಂದು ಹೆದರಿ, ವಿಶ್ವವಿದ್ಯಾಲಯವು ಕೊನೆಗೆ ೩೦ ಬಿಟ್‌ಕಾಯಿನ್, ಎಂದರೆ ಅಂದಿನ ಬೆಲೆಯಲ್ಲಿ ಸುಮಾರು ೨ ಲಕ್ಷ ಯೂರೊ, ತೆತ್ತಿತು. ಅದರಲ್ಲಿ ಒಂದು ಭಾಗವನ್ನು ಪೋಲೀಸರು ಪತ್ತೆಹಚ್ಚಿ ತಡೆಹಿಡಿದರು. ಆ ನಾಣ್ಯದ ಬೆಲೆ ನಡುವೆ ಏರಿದ್ದರಿಂದ ೨೦೨೨ರ ಹೊತ್ತಿಗೆ ಅದು ಸುಮಾರು ೫ ಲಕ್ಷ ಯೂರೊ ಆಗಿದ್ದಿತು! ಆದರೆ ಇಂಥ ಅದೃಷ್ಟವನ್ನು ನಂಬಿ ಯಾರೂ ಕೂರಲಾಗದು.

ಈ ಕತೆಯಲ್ಲಿ ಕಳ್ಳರು ಗಣಿತದ ಯಾವ ಬೀಗವನ್ನೂ ಮುರಿಯಲಿಲ್ಲ. ಅವರಿಗೆ ನೆರವಾದವು ಮೂರು: ಪರೀಕ್ಷಿಸದೆ ನಂಬಿದ ಒಂದು ಪತ್ರ, ಹಾಕದೆ ಉಳಿದ ಒಂದು ತಿದ್ದುಪಡಿ, ಜಾಲದಿಂದ ಬೇರ್ಪಡಿಸದ ನಕಲು ಪ್ರತಿ. ಈ ಮೂರೂ ನಮ್ಮ ಕಾಲೇಜುಗಳಲ್ಲಿಯೂ ಇರಬಹುದಾದ ದೌರ್ಬಲ್ಯಗಳೇ.

ತಿದ್ದುಪಡಿ ಎಂದರೇನು?

ಲಕ್ಷಾಂತರ ಸಾಲುಗಳ ತಂತ್ರಾಂಶದಲ್ಲಿ ದೋಷಗಳು ಉಳಿಯುವುದು ಸಹಜ. ದೋಷ ತಿಳಿದೊಡನೆ ತಯಾರಕರು ಅದನ್ನು ಸರಿಪಡಿಸಿ ಅಪ್‌ಡೇಟ್ ಎಂಬ ತಿದ್ದುಪಡಿಯನ್ನು ಕಳುಹಿಸುತ್ತಾರೆ. ಆದರೆ ತಿದ್ದುಪಡಿ ಹೊರಬಂದ ದಿನವೇ ದೋಷ ಎಲ್ಲಿದೆಯೆಂಬುದು ಕಳ್ಳರಿಗೂ ತಿಳಿಯುತ್ತದೆ. ಅಲ್ಲಿಂದ ಮುಂದೆ ಅದೊಂದು ಓಟದ ಪಂದ್ಯ. ೨೦೧೭ರ ಮಾರ್ಚ್ ೧೪ರಂದು ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸಿನ ಒಂದು ದೋಷಕ್ಕೆ ತಿದ್ದುಪಡಿ ಕೊಟ್ಟಿತು. ಅದೇ ದೋಷವನ್ನು ಹಿಡಿದು ವಾನಾಕ್ರೈ ಎಂಬ ಒತ್ತೆಹಣದ ತಂತ್ರಾಂಶವು ಮೇ ೧೨ರಂದು ಹರಡಿತು. ೧೫೦ ದೇಶಗಳಲ್ಲಿ ೨ ಲಕ್ಷಕ್ಕೂ ಹೆಚ್ಚು ಯಂತ್ರಗಳು ಸಿಕ್ಕಿಬಿದ್ದವು. ಇಂಗ್ಲೆಂಡಿನಲ್ಲಿ ಆಸ್ಪತ್ರೆಗಳು ರೋಗಿಗಳನ್ನು ಹಿಂದಿರುಗಿಸಬೇಕಾಯಿತು. ಔಷಧ ದೊರೆತು ೫೯ ದಿನಗಳಾಗಿದ್ದವು. ಕುಡಿಯದೆ ಇದ್ದವರು ಮಲಗಿದರು.

ಹೀಗಿರುವಾಗ “ಆಮೇಲೆ ನೋಡೋಣ” ಎಂಬ ಗುಂಡಿಯನ್ನು ದಿನವೂ ಒತ್ತುವುದು ಎಂಥ ಅಪಾಯವೆಂಬುದನ್ನು ಬೇರೆ ಹೇಳಬೇಕಿಲ್ಲ. ಹಳೆಯ ಯಂತ್ರಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ವಿಂಡೋಸ್ ೭ಕ್ಕೆ ೨೦೨೦ರ ಜನವರಿ ೧೪ರಂದು, ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪ರಂದು ತಯಾರಕರ ಸಾಮಾನ್ಯ ಬೆಂಬಲ ಮುಗಿಯಿತು. ವಿಶೇಷ ಏರ್ಪಾಡಿಲ್ಲದೆ ಇಂಥ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸಿ ವಿದ್ಯಾರ್ಥಿಗಳ ದಾಖಲೆಗಳನ್ನು ತೆರೆಯುವುದು, ಹೆಂಚು ಹಾರಿದ ಮಾಡಿನ ಕೆಳಗೆ ದಫ್ತರವನ್ನು ಇಟ್ಟಂತೆ.

ತಿದ್ದುಪಡಿಯೇ ಸುಳ್ಳಾಗಿದ್ದರೆ ಏನು ಮಾಡಬೇಕು? ಇಲ್ಲಿಯೇ ಮಾನ್ಯಖೇಟದ ಮುದ್ರೆ ಹೊಸ ರೂಪದಲ್ಲಿ ಕಾಣಿಸುತ್ತದೆ. ೧,೦೦೯ ಮತ್ತು ೨,೦೦೩ ಎಂಬ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ ೨೦,೨೧,೦೨೭ ದೊರೆಯುತ್ತದೆ. ಗುಣಿಸುವುದು ಒಂದು ನಿಮಿಷದ ಕೆಲಸ. ೨೦,೨೧,೦೨೭ನ್ನು ಮಾತ್ರ ಕೊಟ್ಟು ಅಪವರ್ತನಗಳನ್ನು ಕೇಳಿದರೆ ಬಹಳ ಹೊತ್ತು ಬೇಕು. ಸಂಖ್ಯೆ ೬೦೦ಕ್ಕೂ ಹೆಚ್ಚು ಅಂಕಿಗಳದ್ದಾದರೆ ಇಂದಿನ ಯಾವ ಗಣಕಕ್ಕೂ ಅದು ಸಾಧ್ಯವಿಲ್ಲ. ೧೯೭೭ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್ಮನ್ ಎಂಬ ಮೂವರು ಈ ತತ್ತ್ವದಿಂದ ಒಂದು ಮುದ್ರಾವಿಧಾನವನ್ನು ರಚಿಸಿದರು. ಮುದ್ರೆಯನ್ನು ಒತ್ತುವ ಸಂಖ್ಯೆ ತಯಾರಕನಲ್ಲಿ ಮಾತ್ರ ಇರುತ್ತದೆ; ಮುದ್ರೆಯನ್ನು ಪರೀಕ್ಷಿಸುವ ಸಂಖ್ಯೆ ಲೋಕಕ್ಕೆಲ್ಲ ಬಹಿರಂಗ. ತಿದ್ದುಪಡಿಯ ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಮುದ್ರೆ ಹೊಂದುವುದಿಲ್ಲ. ಗಣಕವು ತನ್ನ ವ್ಯವಸ್ಥೆಯ ಮೂಲಕವೇ ತಿದ್ದುಪಡಿಯನ್ನು ಪಡೆದಾಗ ಈ ಪರೀಕ್ಷೆಯನ್ನು ತಾನೇ ಮಾಡುತ್ತದೆ. ವಾಟ್ಸಾಪಿನಲ್ಲಿ ಬಂದ ‘ವಿದ್ಯಾರ್ಥಿವೇತನ’ದ ಹೆಸರಿನ ಕಡತವನ್ನೋ, ಮದುವೆಯ ಆಮಂತ್ರಣವೆಂಬ ಎಪಿಕೆ ಕಡತವನ್ನೋ ನಾವೇ ಒತ್ತಿ ಸ್ಥಾಪಿಸಿದರೆ ಈ ಕಾವಲನ್ನು ನಾವೇ ಬದಿಗೆ ಸರಿಸಿದಂತಾಗುವುದು.

ವಿಳಾಸವನ್ನು ಓದುವ ಬಗೆ

ಸುಳ್ಳು ಪತ್ರವನ್ನು ಹಿಂದೆ ಕಾಗುಣಿತದ ತಪ್ಪುಗಳಿಂದ ಗುರುತಿಸಬಹುದಾಗಿದ್ದಿತು. ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ತಪ್ಪಿಲ್ಲದ ಕಚೇರಿಯ ಪತ್ರಗಳನ್ನು ಬರೆಯಬಲ್ಲವು. ಪರಿಚಿತರ ಧ್ವನಿಯನ್ನೂ ಅನುಕರಿಸಬಲ್ಲವು. ಲಿಪಿಯನ್ನು ನೋಡಿ ಕೂಟಶಾಸನವನ್ನು ಹಿಡಿಯುವ ಉಪಾಯ ಇಲ್ಲಿ ನಡೆಯದು. ಪತ್ರದ ಭಾಷೆಯನ್ನು ಬಿಟ್ಟು ಅದು ಬಂದ ವಿಳಾಸವನ್ನು ನೋಡಬೇಕು.

ಜಾಲತಾಣದ ವಿಳಾಸವನ್ನು ಓದುವ ಕ್ರಮ ನಮ್ಮ ಅಂಚೆಯ ವಿಳಾಸದಂತೆಯೇ ಇದೆ. ರಾವೂರ, ಚಿತ್ತಾಪುರ ತಾಲ್ಲೂಕು, ಕಲಬುರಗಿ ಜಿಲ್ಲೆ ಎಂದು ಬರೆಯುವಾಗ ಚಿಕ್ಕದು ಮೊದಲು, ದೊಡ್ಡದು ಕೊನೆಗೆ. ಜಾಲವಿಳಾಸದಲ್ಲಿಯೂ ಮೊದಲ ಓರೆಗೆರೆಯ ಹಿಂದಿರುವ ಕೊನೆಯ ಭಾಗವೇ ಒಡೆತನವನ್ನು ತಿಳಿಸುತ್ತದೆ. ನಮ್ಮ ಸರಕಾರದ ತಾಣಗಳು ‘ಗವ್ ಡಾಟ್ ಇನ್’ ಎಂದೂ, ವಿದ್ಯಾಸಂಸ್ಥೆಗಳ ತಾಣಗಳು ಸಾಮಾನ್ಯವಾಗಿ ‘ಎಸಿ ಡಾಟ್ ಇನ್’ ಎಂದೂ ಮುಗಿಯುತ್ತವೆ. ಈ ಹೆಸರುಗಳನ್ನು ಸಿಕ್ಕವರಿಗೆಲ್ಲ ಕೊಡುವುದಿಲ್ಲ. ವಿಶ್ವವಿದ್ಯಾಲಯದ ಹೆಸರು ವಿಳಾಸದ ಮೊದಲಲ್ಲಿ ಇದ್ದು ಕೊನೆಗೆ ಬೇರೇನೋ ಇದ್ದರೆ ಅದು ಇನ್ನಾರದೋ ಮನೆ. “ಇಂದು ಸಂಜೆಯೊಳಗೆ ಮಾಡದಿದ್ದರೆ ಸಂಬಳ ನಿಲ್ಲುವುದು” ಎಂದು ಅವಸರಪಡಿಸುವ ಪತ್ರ ಬಂದಾಗ ಅದರಲ್ಲಿಯ ಸಂಖ್ಯೆಗೆ ಫೋನು ಮಾಡದೆ, ನಮಗೆ ಮೊದಲೇ ತಿಳಿದ ಸಂಖ್ಯೆಗೆ ಮಾಡಿ ವಿಚಾರಿಸತಕ್ಕದ್ದು.

ಉಕ್ಕಿನ ಗುಂಡು ಮತ್ತು ಆರು ಅಂಕಿ

ವಾಡಿಯು ಪ್ರಸಿದ್ಧವಾದ ರೈಲ್ವೆ ಜಂಕ್ಷನ್. ಮುಂಬಯಿ–ಚೆನ್ನೈ ಮಾರ್ಗದಿಂದ ಸಿಕಂದರಾಬಾದಿನ ಕಡೆಗೆ ಹೋಗುವ ಹಳಿ ಇಲ್ಲಿ ಕವಲೊಡೆಯುತ್ತದೆ. ಆ ಕವಲು ೧೮೭೪ರಲ್ಲಿ ತೆರೆಯಿತು. ನಮ್ಮ ದೇಶದ ಒಂಟಿ ಹಳಿಯ ಮಾರ್ಗಗಳಲ್ಲಿ ಎರಡು ರೈಲುಗಳು ಎದುರುಬದುರಾಗಿ ಬರದಂತೆ ತಡೆಯಲು ಟೋಕನ್ ಎಂಬ ಉಪಾಯ ಬಹುಕಾಲ ಬಳಕೆಯಲ್ಲಿದ್ದಿತು. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ತಂತಿಯಿಂದ ಜೋಡಿಸಿದ ಒಂದೊಂದು ಯಂತ್ರ. ಅದರೊಳಗೆ ಉಕ್ಕಿನ ಗುಂಡುಗಳು. ಆಚೆಯ ನಿಲ್ದಾಣದ ಮಾಸ್ತರರು ಒಪ್ಪಿಗೆ ಕೊಟ್ಟಾಗ ಮಾತ್ರ ಈಚೆಯ ಯಂತ್ರದಿಂದ ಒಂದು ಗುಂಡು ಹೊರಬರುತ್ತದೆ. ಅದು ಯಾವುದಾದರೊಂದು ಯಂತ್ರಕ್ಕೆ ಹಿಂದಿರುಗುವವರೆಗೆ ಎರಡನೆಯ ಗುಂಡು ಬರಲಾರದು. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿಟ್ಟ ಆ ಗುಂಡು ಕೈಗೆ ಬಾರದೆ ಚಾಲಕನು ಗಾಡಿಯನ್ನು ಮುಂದೆ ಬಿಡುತ್ತಿರಲಿಲ್ಲ. “ಹಾದಿ ಖಾಲಿಯಿದೆ” ಎಂಬ ಒಬ್ಬನ ಬಾಯಿಮಾತು ಸಾಲದು, ವಸ್ತುವೊಂದು ಕೈಯಲ್ಲಿರಬೇಕು.

ಎರಡು ಹಂತದ ಪರಿಶೀಲನೆ ಎಂಬುದರ ತತ್ತ್ವವೂ ಇದೇ. ತಿಳಿದಿರುವ ಗುಪ್ತಪದದ ಜೊತೆಗೆ ಕೈಯಲ್ಲಿರುವ ವಸ್ತುವೊಂದರ ಸಾಕ್ಷ್ಯವೂ ಬೇಕು. ಫೋನಿನಲ್ಲಿರುವ ಪರಿಶೀಲನಾ ತಂತ್ರಾಂಶವು ಸಾಮಾನ್ಯವಾಗಿ ೩೦ ಸೆಕೆಂಡಿಗೊಮ್ಮೆ ಆರು ಅಂಕಿಯ ಹೊಸ ಸಂಖ್ಯೆಯನ್ನು ತೋರಿಸುತ್ತದೆ. ಫೋನಿಗೂ ದೂರದ ಯಂತ್ರಕ್ಕೂ ಮೊದಲೇ ಒಂದು ರಹಸ್ಯ ಸಂಖ್ಯೆ ಗೊತ್ತಿರುತ್ತದೆ. ಇಬ್ಬರ ಬಳಿಯೂ ಗಡಿಯಾರವಿದೆ. ರಹಸ್ಯವನ್ನೂ ಕಾಲವನ್ನೂ ಕೂಡಿಸಿ ಒಂದೇ ಗಣಿತವನ್ನು ಇಬ್ಬರೂ ಮಾಡಿದರೆ ಒಂದೇ ಉತ್ತರ. ಕಳ್ಳನು ಗುಪ್ತಪದವನ್ನು ಕದ್ದರೂ ಆ ಕ್ಷಣದ ಸಂಖ್ಯೆಯಿಲ್ಲದೆ ಹೊರಗೇ ನಿಲ್ಲಬೇಕು. ಆದರೆ ಫೋನಿನಲ್ಲಿ ಯಾರೋ ಅಧಿಕಾರಿಯಂತೆ ಮಾತನಾಡಿ ಕೇಳಿದರೆಂದು ಒಟಿಪಿಯನ್ನು ಹೇಳಿಬಿಟ್ಟರೆ, ಚಾಲಕನು ಗುಂಡನ್ನು ದಾರಿಹೋಕನ ಕೈಗಿತ್ತಂತೆ. ೨೦೨೨ರಿಂದೀಚೆಗೆ ದೊಡ್ಡ ಕಂಪನಿಗಳು ಒಟ್ಟಾಗಿ ಪ್ರಚಾರಕ್ಕೆ ತಂದಿರುವ ಪಾಸ್‌ಕೀ ಎಂಬ ಹೊಸ ಉಪಾಯವು ಈ ಕೊರತೆಯನ್ನೂ ನೀಗುತ್ತದೆ. ಅದರ ರಹಸ್ಯ ನಮ್ಮ ಸಾಧನದಲ್ಲೇ ಉಳಿದು, ನೋಂದಾಯಿಸಿದ ತಾಣಕ್ಕೆ ಮಾತ್ರ ಉತ್ತರಿಸುತ್ತದೆ. ವೇಷಧಾರಿ ತಾಣ ಕೇಳಿದರೆ ಸುಮ್ಮನಿರುತ್ತದೆ.

ಬೆರಳಿನ ಗುರುತನ್ನೇ ಬೀಗವಾಗಿ ಬಳಸಿದರೆ ಸಾಲದೆ ಎಂದು ಕೇಳಬಹುದು. ನಮ್ಮ ರಾಜ್ಯದಲ್ಲಿ ೨೦೨೩ರಲ್ಲಿ ನಡೆದ ಸಂಗತಿ ಇದಕ್ಕೆ ಉತ್ತರ. ಮಂಗಳೂರು ಮೊದಲಾದ ಕಡೆ ಆಸ್ತಿಯ ನೋಂದಣಿ ಮಾಡಿಸಿದ್ದ ಕೆಲವರ ಬ್ಯಾಂಕ್ ಖಾತೆಗಳಿಂದ, ಅವರ ಅರಿವಿಲ್ಲದೆ, ಆಧಾರ್ ಆಧಾರಿತ ಪಾವತಿಯ ಮೂಲಕ ಹಣ ಹೋಯಿತು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಲಾಗಿದ್ದಿತು. ಬಳಿಕ ನೋಂದಣಿ ಇಲಾಖೆಯು ತನ್ನ ಕಾವೇರಿ ತಾಣದ ದಾಖಲೆಗಳ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡಿತು. ಗುಪ್ತಪದ ಕಳುವಾದರೆ ಹೊಸದನ್ನು ಇಟ್ಟುಕೊಳ್ಳಬಹುದು, ಬೆರಳನ್ನು ಬದಲಾಯಿಸಲಾಗದು. ಆದಕಾರಣ ಆಧಾರಿನ ಬೆರಳಚ್ಚಿಗೆ ಪ್ರಾಧಿಕಾರವು ಒದಗಿಸಿರುವ ಬೀಗವನ್ನು ಹಾಕಿಕೊಂಡು, ಬೇಕಾದಾಗ ಮಾತ್ರ ತೆರೆಯುವುದು ಲೇಸು. ಕಾಲೇಜಿನ ಕಚೇರಿಯಲ್ಲಿ ವಿದ್ಯಾರ್ಥಿಗಳ ಆಧಾರ್ ಪ್ರತಿಗಳನ್ನು ಮೇಜಿನ ಮೇಲೆ ರಾಶಿ ಹಾಕುವುದಾಗಲಿ ವಾಟ್ಸಾಪ್ ಗುಂಪುಗಳಲ್ಲಿ ಹಂಚುವುದಾಗಲಿ ಸಲ್ಲದೆಂಬುದೂ ಇದರಿಂದ ಸಿದ್ಧವಾಗುತ್ತದೆ.

ಕೆಟ್ಟ ಮೇಲೆ ಮಾಡತಕ್ಕದ್ದು

ಎಲ್ಲ ಎಚ್ಚರವಿದ್ದರೂ ಒಮ್ಮೆ ಯಾರಾದರೂ ಮೋಸ ಹೋಗಬಹುದು. ಆಗ ಮೊದಲು ಆ ಯಂತ್ರವನ್ನು ಜಾಲದಿಂದ ಬಿಡಿಸಬೇಕು. ಬೇರೆ ಶುದ್ಧವಾದ ಯಂತ್ರದಿಂದ ಗುಪ್ತಪದವನ್ನು ಬದಲಾಯಿಸಬೇಕು. ಸಂಸ್ಥೆಯ ಗಣಕ ವಿಭಾಗಕ್ಕೆ ಆ ಗಳಿಗೆಯಲ್ಲಿಯೇ ತಿಳಿಸಬೇಕು. ಹಣ ಹೋಗಿದ್ದರೆ ೧೯೩೦ ಎಂಬ ರಾಷ್ಟ್ರೀಯ ಸಂಖ್ಯೆಗೆ ಕೂಡಲೇ ಫೋನು ಮಾಡಬೇಕು. ಹಣವು ಖಾತೆಯಿಂದ ಖಾತೆಗೆ ದಾಟಿಹೋಗುವ ಮುನ್ನ ತಡೆಯಲು ನಿಮಿಷಗಳೇ ಮುಖ್ಯ. ೨೦೦೧ರಲ್ಲಿ ದೇಶದ ಮೊದಲ ಸೈಬರ್ ಪೋಲೀಸ್ ಠಾಣೆ ಬೆಂಗಳೂರಿನಲ್ಲಿ ತೆರೆಯಿತು. ಈಗ ಜಿಲ್ಲೆಗಳಲ್ಲಿಯೂ ಅಂಥ ಠಾಣೆಗಳುಂಟು. ದಾಖಲೆಗಳ ನಕಲನ್ನು ಜಾಲಕ್ಕೆ ಜೋಡಿಸದ ಡಿಸ್ಕಿನಲ್ಲಿ ಮೊದಲೇ ಇಟ್ಟಿದ್ದರೆ, ಒತ್ತೆಹಣ ಕೇಳುವವನ ಮುಂದೆ ತಲೆಬಾಗುವ ಪ್ರಸಂಗ ಬರುವುದಿಲ್ಲ. ನಕಲನ್ನು ತೆಗೆದಿಟ್ಟರೆ ಸಾಲದು. ಅದರಿಂದ ದಾಖಲೆ ಮರಳಿ ಬರುತ್ತದೆಯೆ ಎಂದು ಆಗಾಗ ಪರೀಕ್ಷಿಸುವುದೂ ಅಗತ್ಯ.

ಇವೆಲ್ಲಕ್ಕೂ ಅಡ್ಡಿಯಾಗುವುದು ಯಂತ್ರವಲ್ಲ, ಭಯ. “ನಾನು ಆ ಕೊಂಡಿಯನ್ನು ಒತ್ತಿದೆ” ಎಂದು ಹೇಳಿದರೆ ಮೇಲಧಿಕಾರಿಗಳು ಗದರಿಸುವರೆಂದು ಗುಮಾಸ್ತನು ಸುಮ್ಮನಾಗುತ್ತಾನೆ. ಮಾಸ್ಟ್ರಿಕ್ಟಿನಲ್ಲಿ ಪತ್ರ ಬಂದುದಕ್ಕೂ ಬೀಗ ಬಿದ್ದುದಕ್ಕೂ ನಡುವೆ ಎರಡು ತಿಂಗಳ ಅವಧಿ ಇದ್ದಿತು. ಇಂಥ ಅವಧಿಯಲ್ಲಿ ಬೇಗನೆ ಬಂದ ಒಂದು ಸುದ್ದಿ ಇಡೀ ಸಂಸ್ಥೆಯನ್ನು ಉಳಿಸಬಲ್ಲದು. ತಾನಾಗಿ ಬಂದು ತಿಳಿಸಿದವರನ್ನು ದಂಡಿಸದೆ ಕೃತಜ್ಞತೆ ಹೇಳುವ ಪ್ರಾಂಶುಪಾಲರು, ಬೆಲೆಬಾಳುವ ತಂತ್ರಾಂಶವನ್ನು ಕೊಳ್ಳುವವರಿಗಿಂತ ಹೆಚ್ಚಿನ ಭದ್ರತೆಯನ್ನು ಒದಗಿಸುತ್ತಾರೆ.

ತರುಣ ವಾಚಕರಿಗೂ ಎರಡು ಮಾತು. ಗೆಳೆಯನ ಗುಪ್ತಪದವನ್ನು ತಮಾಷೆಗೆಂದು ಕದ್ದು ಬಳಸುವ ಹುಡುಗರುಂಟು. ಮೋಸದ ಉದ್ದೇಶದಿಂದ ಇತರರ ಗುಪ್ತಪದವನ್ನು ಬಳಸುವವರಿಗೆ ನಮ್ಮ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ಸಿ ಕಲಮು ಮೂರು ವರ್ಷಗಳವರೆಗೆ ಸೆರೆಮನೆಯನ್ನೂ ಒಂದು ಲಕ್ಷ ರೂಪಾಯಿವರೆಗೆ ದಂಡವನ್ನೂ ವಿಧಿಸುತ್ತದೆ. ಕೈಚಳಕವನ್ನು ತೋರಿಸಬೇಕೆನ್ನುವವರಿಗೆ ಬೇರೆ ಕ್ಷೇತ್ರವಿದೆ: ಅವಿಭಾಜ್ಯ ಸಂಖ್ಯೆಗಳನ್ನೂ ಸಂಭಾವ್ಯತೆಯನ್ನೂ ಚೆನ್ನಾಗಿ ಕಲಿತು ಭದ್ರತೆಯ ವಿಜ್ಞಾನವನ್ನೇ ವೃತ್ತಿಯಾಗಿ ಕೈಗೊಳ್ಳಬಹುದು.

ಎರಡನೆಯ ಮಾತು, ಕಚೇರಿಯಲ್ಲಿರುವ ದಾಖಲೆ ನಿಮ್ಮದು. ಅರ್ಜಿ ತುಂಬಲೆಂದು ಅಂಗಡಿಗೆ ಹೋದಾಗ ನಿಮ್ಮ ಗುಪ್ತಪದವನ್ನು ಅಲ್ಲಿಯ ಯಂತ್ರದಲ್ಲಿ ಉಳಿಸದೆ ಬನ್ನಿ. ನಿಮ್ಮ ಆಧಾರ್ ಪ್ರತಿ ಏತಕ್ಕೆ ಬೇಕೆಂದು ವಿನಯದಿಂದ ಕೇಳಿ. ಮನೆಯಲ್ಲಿ ಅಪ್ಪ ಅವ್ವನ ಫೋನಿಗೆ ಬಾಕಿಯುಳಿದ ತಿದ್ದುಪಡಿಯನ್ನು ಈ ದಿನವೇ ಹಾಕಿಕೊಡಿ. ಗಣಿತಜ್ಞರು ತಮ್ಮ ಪಾಲಿನ ಕೆಲಸವನ್ನು ಮಾಡಿ ಮುದ್ರೆಯನ್ನು ಭದ್ರಪಡಿಸಿದ್ದಾರೆ. ಪತ್ರ ಕೈಗೆ ಬಂದಾಗ ಮುದ್ರೆಯನ್ನು ನೋಡುವ ಕೆಲಸ ಮಾತ್ರ ನಮ್ಮ ಪಾಲಿಗೆ ಉಳಿದಿದೆ.